ಮೂವತ್ತೆಂಟು ಇಂಚಿನ ತೂಗುದೀಪ

ಹಲೋ… ಹಲೋ… ಯಾರು ಮಾತಾಡ್ತಿರೋದು? ಇದು ಭಾವನ ಫೋನ್ ಅಲ್ವಾ?… ಹಾಂ?… ಓ, ಅಕ್ಕ, ನೀವಾ! ನಾನು ಅಕ್ಕ, ನಾನು… ಅಯ್ಯೋ, ನಿಮ್ಮ ನಾದಿನಿ ಗಂಡ! ಬಸ್ಸಿನೋನು!… ಇಲ್ಲಪ್ಪ, ಬಾವಿಗೆ ಬಿದ್ದಿಲ್ಲ. ಫೋನು ಜೇಬಲ್ಲಿದೆ, ಸ್ಪೀಕರ್ ಹಾಕಿದೀನಿ, ಅದಕ್ಕೇ ಹಾಗೆ ಕೇಳ್ಸುತ್ತೆ…

ಹೂಂ, ಚೆನ್ನಾಗಿದೀನಿ. ಅಂದ್ರೆ, ಚೆನ್ನಾಗಿಲ್ಲ. ಭಾವ ಎಲ್ಲಿ?… ಸ್ನಾನಕ್ಕಾ? ಮಧ್ಯಾಹ್ನ ಮೂರು ಗಂಟೇಲಿ?… ಓ, ಈಗ ವೈರಿಂಗ್ ಕೆಲಸದಿಂದ ಬಂದ್ರಾ. ಸ್ವಲ್ಪ ಬಾಗಿಲು ತಟ್ಟಿ ಅಕ್ಕ, ಅರ್ಜೆಂಟು… ಇಲ್ಲ, ಊಟ ಇನ್ನೂ ಇಲ್ಲ… ಅದಿರಲಿ, ನಿಮ್ಮ ಮಂಡಿ ನೋವು ಹೇಗಿದೆ?… ಯಾವ ಮಂಡಿ ಅಂದ್ರೆ? ಹೋದ ತಿಂಗಳು ಇವಳು ಬಂದು ಮೂರು ದಿನ ಇದ್ದಳಲ್ಲ, ನಿಮಗೆ ಏಳಕ್ಕೇ ಆಗ್ತಿಲ್ಲ ಅಂತ?… ಹಾಂ… ಹಾಂ… ವಾಸಿ ಆಯ್ತಾ. ಒಳ್ಳೇದಾಯ್ತು. ಭಾವ ಬಂದ್ರಾ?…

ಭಾವಾ! ಬದುಕಿದೆ ನಾನು. ನೋಡಿ, ಮೊದಲೇ ಹೇಳಿಬಿಡ್ತೀನಿ, ಬಯ್ಯಬೇಡಿ… ಇಲ್ಲ, ಬಸ್ಸು ಎಲ್ಲೂ ಗುದ್ದಿಲ್ಲ. ಇವತ್ತು ರಜ. ನಾನು ಈಗ ಇವಳ ಬಟ್ಟೆ ಕತ್ತರಿಸೋ ಮೇಜಿನ ಮೇಲೆ ನಿಂತಿದೀನಿ. ಎರಡೂ ಕೈ ಮೇಲೆ. ಕೈಯಲ್ಲಿ ಒಂದು ತೂಗುದೀಪ ಇದೆ…

ನಾನೇ ಹಾಕ್ತಿದೀನಿ… ಹೂಂ, ನಾನೇ… ಮೇನ್ ಆಫ್ ಮಾಡಿದೀನಿ, ಅಷ್ಟು ಬುದ್ಧಿ ಇದೆ. ವೈರು ಇನ್ನೂ ಸೇರಿಸೇ ಇಲ್ಲ. ಸೂರಿಗೆ ಒಂದು ತಟ್ಟೆ ಥರ ಕೂರುತ್ತಲ್ಲ, ಅದಕ್ಕೆ ಎರಡು ಸ್ಕ್ರೂ. ಒಂದು ಒಳಗೆ ಹೋಯ್ತು. ಎರಡನೇದು ತಿರುಗಿಸ್ತಿದ್ದೆ, ಗಾರೆ ಸಮೇತ ಕಿತ್ಕೊಂಡು ಬಂತು. ಕಣ್ಣೊಳಗೆಲ್ಲ ಪುಡಿ. ಈಗ ಇಡೀ ದೀಪ ಒಂದೇ ಸ್ಕ್ರೂ ಮೇಲೆ ವಾಲಿದೆ, ಉಳಿದ ಭಾರ ನನ್ನ ಕೈ ಮೇಲೆ. ಬಿಟ್ಟರೆ ಅದೂ ಕಿತ್ಕೊಳ್ಳುತ್ತೆ. ಹುಲಿ ಬಾಲ ಹಿಡಿದಂಗಾಗಿದೆ ನನ್ನ ಕಥೆ…

ಸ್ಕ್ರೂಡ್ರೈವರಾ? ಕೆಳಗೆ ಬಿತ್ತು. ಕಿಟಕಿ ಹತ್ರ ಎಲ್ಲೋ ಇದೆ… ಹೇಗೆ ಇಳೀಲಿ ಭಾವ? ಒಂದು ಕೈ ಬಿಟ್ಟು ನಿಮಗೆ ಫೋನ್ ಒತ್ತಿದ್ದಕ್ಕೇ ಈ ಕಡೆ ಒಂದು ಗಾಜು ಉದುರಿತು. ಮೇಜಿನ ಮೇಲೆ ಇವಳು ಕತ್ತರಿಸಿಟ್ಟಿರೋ ಯೂನಿಫಾರ್ಮಿನ ಬಟ್ಟೆ ಬೇರೆ. ನಲವತ್ತು ಮಕ್ಕಳದ್ದು. ಸೋಮವಾರ ಕೊಡಬೇಕು…

ಪಕ್ಕದ ಮನೆಯವರು ಬೀಗ ಹಾಕ್ಕೊಂಡು ಹೋಗಿದಾರೆ. ಕೂಗಿ ಕೂಗಿ ಗಂಟಲು ಹೋಯ್ತು… ಇವಳಾ? ಗುಂಡಿ ತರಕ್ಕೆ ಪೇಟೆಗೆ ಹೋಗಿದಾಳೆ. ಬರೋ ಹೊತ್ತಿಗೆ ಹಾಕಿ, ಉರಿಸಿ, ಬಾಗಿಲಲ್ಲಿ ನಿಲ್ಲಿಸಿ ತೋರಿಸಬೇಕು ಅಂತಿದ್ದೆ…

ಎಷ್ಟು ದೊಡ್ಡದು ಅಂದ್ರೆ… ದೊಡ್ಡದೇ. ಹತ್ತು ಬಲ್ಬು, ಸುತ್ತ ಗಾಜಿನ ಹರಳು. ಅಂಗಡೀಲಿ ಇಷ್ಟು ಕಾಣ್ಲಿಲ್ಲ ಭಾವ! ಅಲ್ಲಿ ಸೂರು ಎಲ್ಲೋ ಇತ್ತು, ಅಷ್ಟು ದೀಪದ ನಡುವೆ ಇದೊಂದು ಬಟ್ಟಲು ಥರ ನೇತಾಡ್ತಿತ್ತು. ಮನೆಗೆ ತಂದು ಬಿಚ್ಚಿದೆ, ಗಾಡಿ ಚಕ್ರ! ಬಸ್ಸಲ್ಲಿ ತರ್ತಾ ಕಂಡಕ್ಟರು ಕೇಳಿದ, ಏನಣ್ಣ, ಇವರು ಎಲ್ಲಿ ಇಳೀತಾರೆ ಅಂತ…

ಅಳತೆ… ಅಳತೆ ತಗೊಂಡಿರಲಿಲ್ಲ… ನಗಿ, ನಗಿ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದೀನಿ, ಎರಡು ಲಾರಿ ನಡುವೆ ಗೇಣು ಜಾಗ ಇದ್ರೂ ಕಣ್ಣಳತೇಲಿ ನುಗ್ಗಿಸ್ತೀನಿ. ಒಂದು ದೀಪ ಏನು ಮಹಾ ಅಂದ್ಕೊಂಡೆ…

ಡಬ್ಬದ ಮೇಲೆ ಬರೆದಿದೆ. ಮೂವತ್ತೆಂಟು ಇಂಚು. ಹದಿನಾಲ್ಕು ಕಿಲೋ… ಕೋಣೆ? ಹತ್ತು ಅಡಿಗೆ ಹನ್ನೆರಡು… ಕೂಡಿಸೋದಾ? ಇಪ್ಪತ್ತೆರಡು… ಅಂದ್ರೆ ಇಪ್ಪತ್ತೆರಡು ಇಂಚಿನ ದೀಪ ಸಾಕಾ ಈ ಕೋಣೆಗೆ? ಉದ್ದ ಅಗಲದ ಅಡಿ ಕೂಡಿಸಿದ್ರೆ ಅಷ್ಟು ಇಂಚು. ಇಷ್ಟೇನಾ ಲೆಕ್ಕ? ಇದನ್ನ ಯಾರಾದ್ರೂ ಶಾಲೇಲಿ ಹೇಳಿಕೊಡಬಾರದಾಗಿತ್ತಾ!… ಮೇಜು ಮೂರಡಿ ಅಗಲ. ಹೂಂ, ಮೂವತ್ತಾರು ಇಂಚು. ದೀಪ ಮೇಜಿಗಿಂತ ಎರಡು ಇಂಚು ಆಚೆಗೇ ಇದೆ… ಹೌದು ಭಾವ, ಮೂಗಿಗಿಂತ ಮೂಗುತಿ ಭಾರ. ಒಪ್ಕೊಂಡೆ…

ಯಾಕೆ ಇಷ್ಟು ದೊಡ್ಡದು ಅಂದ್ರೆ… ಹೇಳ್ತೀನಿ. ನೀವು ಅವಳಿಗೆ ಹೇಳಬೇಡಿ. ಇತ್ತೀಚೆಗೆ ಅವಳ ಕೆಲಸ ತಪ್ತಾ ಇದೆ ಭಾವ. ನೀಲಿ ಲಂಗಕ್ಕೆ ಕಪ್ಪು ದಾರ ಹಾಕಿ ಹೊಲ್ದಿದ್ಲು, ವಾಪಸ್ ಬಂತು. ಒಂದು ಅಂಗಿಗೆ ಕಾಲರ್ ತಿರುಗುಮುರುಗು. ಸೂಜಿ ಚುಚ್ಕೊಂಡು ಚುಚ್ಕೊಂಡು ಬೆರಳೆಲ್ಲ ಜರಡಿ. ಲೋಟದ ಪಕ್ಕ ನೀರು ಸುರೀತಾಳೆ. ಕೇಳಿದ್ರೆ ಯೋಚನೆ ಎಲ್ಲೋ ಇತ್ತು ಅಂತಾಳೆ…

ಬೈದೆ. ಹೋದ ವಾರ. ಬಾಗಿಲ ಪಕ್ಕದ ಸ್ಟೂಲಿಗೆ ಎಡವಿ ಬಿದ್ಲು, ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನನ್ನ ಕಾಲ ಹತ್ರ ಬಿತ್ತು. ಕಣ್ಣು ಎಲ್ಲಿಟ್ಕೊಂಡು ನಡೀತೀಯ ಅಂದೆ. ಜೋರಾಗೇ ಅಂದೆ. ಅವಳು ಸ್ಟೂಲನ್ನ ಗೋಡೆಗೆ ಸರಿಸಿ ಒಳಗೆ ಹೋದ್ಲು. ಆಮೇಲೆ ನಾನೇ ಯೋಚನೆ ಮಾಡ್ದೆ. ಈ ಕೋಣೇಲಿ ಇರೋದು ಒಂದು ಹಳೇ ಟ್ಯೂಬ್‌ಲೈಟು, ಅದೂ ಅವಳ ಬೆನ್ನ ಹಿಂದೆ. ಅವಳ ನೆರಳು ಅವಳ ಬಟ್ಟೆ ಮೇಲೇ ಬೀಳುತ್ತೆ. ಬೆಳಕು ಸಾಲ್ದು ಪಾಪ, ಅಷ್ಟೇ. ಅಂಗಡಿಗೆ ಹೋಗಿ, ಇರೋದರಲ್ಲಿ ದೊಡ್ಡದು ಕೊಡಪ್ಪ ಅಂದೆ…

ಹಲೋ?… ಭಾವ, ಇದೀರಾ?… ವಾಪಸ್ ಕೊಟ್ಟುಬಿಡಿ ಅಂದ್ರಾ?…

ವಾಪಸ್ ಯಾಕೆ ಕೊಡಲಿ? ಇಳಿಸೋದು ಹೇಗೆ ಹೇಳಿ, ಇಪ್ಪತ್ತೆರಡು ಇಂಚಿಂದು ತರ್ತೀನಿ. ಸಾಲದಿದ್ರೆ ಎರಡು ಹಾಕ್ತೀನಿ, ಗೋಡೆಗೆ ಇನ್ನೊಂದೆರಡು… ಹಾಂ?… ಎಷ್ಟು ಹಾಕಿದ್ರೂ ಅಂದ್ರೆ?…

ಇಲ್ಲ ಭಾವ, ಅರ್ಥ ಆಗ್ಲಿಲ್ಲ. ಬೆಳಕಿನ ಕೊರತೆ ಅಲ್ಲ ಅಂತ ನಿಮಗೆ ಹೇಗೆ ಗೊತ್ತು?… ಏನು ನೋಡಿದ್ರು? ಯಾವ ಡಾಕ್ಟ್ರು?…

ನಿಮ್ಮೂರಲ್ಲಾ?…

ಆ ಮೂರು ದಿನ?…

ಅಂದ್ರೆ ಅಕ್ಕನಿಗೆ ಮಂಡಿ ನೋವೇ ಇರಲಿಲ್ಲ…

ಹೇಳಿ. ಇಲ್ಲ, ಹೇಳಿ. ದೀಪ ಗಟ್ಟಿಯಾಗಿ ಹಿಡ್ಕೊಂಡಿದೀನಿ. ಹೇಳಿ ನೀವು… ಕಣ್ಣಿನ ಹಿಂದಿನ ನರ… ಒಣಗೋದು ಅಂದ್ರೆ?… ಸುತ್ತಲಿಂದ ಮುಚ್ಕೊಂಡು ಬರೋದು. ನಡುವೆ ಮಾತ್ರ… ಕೊಳವೇಲಿ ನೋಡಿದ ಹಾಗಾ?… ಆ ಕಣ್ಣಿನ ಔಷಧಿ! ದಿನಾ ಹಾಕ್ಕೊಳ್ತಾಳೆ ಭಾವ, ಬಟ್ಟೆ ಧೂಳಿಗೆ ಅಂತ ಹೇಳಿದ್ಲು. ನಾನೇ ಒಂದೊಂದು ದಿನ ತಲೆ ಹಿಡ್ಕೊಂಡು ಹಾಕಿದೀನಿ…

ಆಪರೇಷನ್? ಎಲ್ಲಾದ್ರೂ ದೊಡ್ಡ ಆಸ್ಪತ್ರೆ? ನಾನು ರಜ ಹಾಕ್ತೀನಿ, ಎಲ್ಲಿಗೆ ಬೇಕಾದ್ರೂ ಕರ್ಕೊಂಡು… ಹೋಗಿದ್ದು ಬರಲ್ಲ… ಉಳಿದಿದ್ದನ್ನ ಉಳಿಸ್ಕೋಬೇಕು. ಎಷ್ಟು ದಿನ ಉಳಿಯುತ್ತೆ?… ಡಾಕ್ಟ್ರೇ ಹೇಳಿಲ್ಲ ಅಂದ್ರೆ ಯಾರು ಹೇಳ್ತಾರೆ ಭಾವ? ವರ್ಷಾನಾ? ಎರಡಾ? ಹತ್ತಾ?… ಏನೋ ಒಂದು ಅಂದಿರ್ತಾರಲ್ಲ?…

ನನಗ್ಯಾಕೆ ಹೇಳ್ಲಿಲ್ಲ?… ಇಲ್ಲ, ನಿಮ್ಮನ್ನ ಅಂತಿಲ್ಲ. ಅವಳು ಯಾಕೆ ಹೇಳ್ಲಿಲ್ಲ? ಒಂದೇ ತಟ್ಟೇಲಿ ಉಣ್ಣೋಷ್ಟು ಹತ್ತಿರ ಇದ್ಕೊಂಡು… ಏನಂದ್ಲು?…

ಇನ್ನೊಂದು ಸಲ ಹೇಳಿ ಭಾವ…

'ಅವರ ಬೆನ್ನ ಹಿಂದೆ ಐವತ್ತು ಜನ ಕೂತಿರ್ತಾರೆ. ಅವರ ತಲೇಲಿ ಇದನ್ನ ತುಂಬಿ ಕಳಿಸಕ್ಕೆ ನನಗೆ ಧೈರ್ಯ ಇಲ್ಲ ಅಣ್ಣ.'… ಹಾಗಂದ್ಲಾ…

ಅವಳು ಅಷ್ಟು ಯೋಚನೆ ಮಾಡಿದಾಳೆ. ನಾನು ಕಣ್ಣು ಎಲ್ಲಿಟ್ಕೊಂಡಿದೀಯ ಅಂದೆ…

ಇಲ್ಲ. ಅಳ್ತಿಲ್ಲ. ಗಾರೆ ಬಿದ್ದಿದೆ ಅಂದೆನಲ್ಲ, ಒರೆಸ್ಕೊಳ್ಳಕ್ಕೂ ಕೈ ಇಲ್ಲ…

ಹೇಳಿ, ಕೇಳಿಸ್ಕೊಳ್ತಿದೀನಿ… ಈ ದೀಪ ಅವಳಿಗೆ ಆಗಲ್ಲ. ಹರಳು ಕಣ್ಣಿಗೆ ಚುಚ್ಚುತ್ತೆ. ಸರಿ… ಇಪ್ಪತ್ತು ಇಂಚಿನ ಒಳಗೇ ಇರಲಿ, ಬಲ್ಬು ಕಾಣದ ಹಾಗೆ ಟೋಪಿ ಥರದ್ದು. ಮೇಜಿಂದ ಎರಡೂವರೆ ಅಡಿ ಮೇಲೆ… ತಲೆಗೆ ತಾಗಲ್ವಾ?… ಹೌದು, ಮೇಜಿನ ನಡುವೆ ಇದ್ರೆ ತಾಗಲ್ಲ. ಆಮೇಲೆ?… ಕಪ್ಪು ಬಟ್ಟೆ ಹೊಲಿಯೋವಾಗ ಕೆಳಗೆ ಬಿಳಿ ಬಟ್ಟೆ ಹಾಸಬೇಕು. ದಾರಿಗೆ ಅಡ್ಡ ಸ್ಟೂಲು, ಬಕೆಟ್ಟು ಏನೂ ಇಡಬಾರದು… ಇಷ್ಟು ಮಾಡಿದ್ರೆ ಕಾಣ್ಸುತ್ತಾ?… ಇರೋವಷ್ಟು ದಿನ. ಹೂಂ…

ಬೇರೆ ಏನಾದ್ರೂ ಮಾಡಬಹುದಾ ನಾನು? ಏನಾದ್ರೂ?… ಈಗ ದೀಪ ಬೀಳಿಸ್ಬೇಡಿ ಅಂತೀರಾ. ಅದೊಂದೇ ಕೆಲಸ ಬಾಕಿ ನನಗೆ…

ಶ್! ಭಾವ, ಇರಿ. ಬೀಗದ ಸದ್ದು. ಬಂದ್ಲು. ನೀವು ಮಾತಾಡಬೇಡಿ ಸ್ವಲ್ಪ, ನಾನು ಪಿಸುಗುಟ್ತೀನಿ…

…ಗೋಡೆ ಮೇಲೆ ಎರಡು ಬೆರಳು ಇಟ್ಕೊಂಡು ಬರ್ತಿದಾಳೆ. ಯಾವಾಗ್ಲೂ ಹಾಗೇ ಬರ್ತಾಳೆ, ಧೂಳು ನೋಡ್ತಾಳೆ ಅಂದ್ಕೊಂಡಿದ್ದೆ ನಾನು…

…ಚಪ್ಪಲಿ ಬಿಟ್ಲು. ನೆಲ ನೋಡ್ಕೊಂಡೇ ಬಂದ್ಲು. ಮೇಜಿನ ಆ ತುದೀಲಿ ನಿಂತು ಗುಂಡಿ ಪೊಟ್ಟಣ ಬಿಚ್ತಿದಾಳೆ… ಭಾವ, ನಾನು ಇಲ್ಲೇ ಇದೀನಿ. ನಾಲ್ಕು ಅಡಿ ದೂರ. ಇಷ್ಟು ದೊಡ್ಡ ದೀಪ ಹೊತ್ಕೊಂಡು ನಿಂತಿದೀನಿ. ಅವಳಿಗೆ ಕಾಣ್ಸಿಲ್ಲ…

…ಏನೋ ಗುನುಗ್ತಿದಾಳೆ. ಹೇಗೆ ಕರೀಲಿ ಭಾವ? ಬೆಚ್ಚಿಬೀಳ್ತಾಳೆ…

…ಕಣೇ… ಏನಿಲ್ಲ, ನಾನೇ. ಇಲ್ಲಿ. ಮೇಲೆ ನೋಡು… ಇನ್ನೂ ಮೇಲೆ… ಹಾಂ, ಇಲ್ಲಿ… ದೀಪ ಕಣೇ, ನಿನಗೇ ತಂದೆ… ನಗ್ಬೇಡ, ಸ್ಕ್ರೂ ಕಿತ್ಕೊಂಡಿದೆ. ಸ್ಕ್ರೂಡ್ರೈವರು ಕಿಟಕಿ ಹತ್ರ ಬಿದ್ದಿದೆ, ಕೊಡ್ತೀಯ… ನಿಧಾನ, ಅಲ್ಲಿ ಗಾಜು ಒಡೆದಿದೆ… ಬಲಗಡೆ… ಇನ್ನೊಂದು ಸ್ವಲ್ಪ…

ಭಾವ, ಕೈಯಾಡಿಸಿ ಹುಡುಕ್ತಿದಾಳೆ. ನೋಡಕ್ಕಾಗ್ತಿಲ್ಲ ನನಗೆ… ಸಿಕ್ತು. ಸಿಕ್ತು ಭಾವ…

ಬೇಡ ಕಣೇ, ಹತ್ತಬೇಡ! ಕೈಗೆ ಕೊಡು ಸಾಕು… ಹೌದು, ನನಗೆ ಕೈ ಇಲ್ಲ, ನಿಜ… ಕುರ್ಚಿ ಸರಿಯಾಗಿ ಇಟ್ಕೋ… ಹತ್ತಿದ್ಲು ಭಾವ. ಪಕ್ಕದಲ್ಲೇ ನಿಂತಿದಾಳೆ. ನೋಡ್ತಾನೇ ಇಲ್ಲ, ಬೆರಳಲ್ಲೇ ಉಳಿದ ಸ್ಕ್ರೂ ಹುಡುಕಿದ್ಲು, ಬಿಚ್ತಿದಾಳೆ. ಅದನ್ನ ಹಾಕಕ್ಕೇ ನನಗೆ ಅರ್ಧ ಗಂಟೆ ಆಗಿತ್ತು… ಬಂತು… ಬಂತು! ಹಿಡ್ಕೊ ಆ ಕಡೆ… ಭಾರ ನನ್ನ ಮೇಲೆ ಬಿಡು… ನಿಂತ್ಕೊ, ಒಂದು ನಿಮಿಷ ಹೀಗೇ ನಿಂತ್ಕೊ. ಉಸಿರು ತಗೊಳ್ತೀನಿ…

ಹಾಂ?… ನಿಮ್ಮಣ್ಣನ ಜೊತೆ. ಫೋನಲ್ಲಿ. ಜೇಬಲ್ಲಿದೆ…

ಯಾವಾಗಿಂದ ಅಂದ್ರೆ… ಸುಮಾರು ಹೊತ್ತಾಯ್ತು…

ಭಾವ, ನನ್ನ ಮುಖಾನೇ ನೋಡ್ತಿದಾಳೆ, ನೇರಕ್ಕೆ. ಹೀಗೆ ನೋಡಿದ್ರೆ ಕಾಣ್ತೀನಲ್ವಾ ನಾನು?… 'ಅಣ್ಣ ಏನಂದ' ಅಂತ ಕೇಳ್ತಿದಾಳೆ… ಏನು ಹೇಳ್ಲಿ? ನೀವು ಮಾತಾಡಿ ಭಾವ, ಅಣ್ಣ ಅಂದ್ರೆ ಅವಳಿಗೆ… ಇಬ್ಬರ ಕೈಯೂ ಖಾಲಿ ಇಲ್ಲ, ನೀವು ಅಲ್ಲಿಂದಲೇ ಹೇಳಿ, ಕೇಳ್ಸುತ್ತೆ… ಹಲೋ?… ಭಾವ?…

ಹಲೋ?… ಹಲೋ?…

ಇಲ್ಲ ಕಣೇ. ಕಟ್ ಆಗ್ತಿದೆ… ಹಲೋ…

ಹೂಂ. ಹೇಳಿದ್ರು. ಎಲ್ಲಾ ಹೇಳಿದ್ರು…