ಹತ್ತು ಸಲ ತೂಗಿದರೂ

ಕಾಲೇಜಿನ ಅರ್ಜಿ ಕಿಟಕಿಯ ಸಾಲಿನಲ್ಲಿ, ನನ್ನ ಮುಂದೆ ನಮ್ಮ ಬೀದಿಯ ತಕ್ಕಡಿ ರಿಪೇರಿಯವರು ಮಗಳೊಡನೆ ನಿಂತಿದ್ದರು. ಮಗಳ ಮನಃಶಾಸ್ತ್ರದ ಅರ್ಜಿಗೆ ಅಪ್ಪನ ಸಹಿಯೊಂದೇ ಬಾಕಿ.

“ಮನಃಶಾಸ್ತ್ರ ಹೇಗೆ ವಿಜ್ಞಾನ ಆಗುತ್ತೆ ತಾಯೀ? ಹತ್ತು ಸಲ ತೂಗಿದರೂ ಒಂದೇ ತೂಕ ಬರಬೇಕು. ಮನಸ್ಸು ಹಾಗೆ ಬರುತ್ತಾ?”

“ನಿಮ್ಮದು ಬರುತ್ತೆ ಅಪ್ಪ. ಸಹಿ ಹಾಕೋ ಮುಂಚೆ ಪ್ರತಿ ಸಲವೂ ಪೆನ್ನು ಝಾಡಿಸಿ, ‘ನಿಮ್ಮಮ್ಮನ್ನ ಕೇಳಿದ್ಯಾ’ ಅಂತೀರಿ.”

“ಸುಮ್ನಿರೇ ತರಲೆ. ನಾನು ಯಾರನ್ನೂ ಕೇಳೋನಲ್ಲ!”

ಅಷ್ಟರಲ್ಲಿ ಕಿಟಕಿಯೊಳಗಿನ ಗುಮಾಸ್ತರು ಅರ್ಜಿಗೆ ಕೈಚಾಚಿದರು. ಅಪ್ಪ ಪೆನ್ನು ತೆಗೆದು ಝಾಡಿಸಿದರು.

“ಅಲ್ವೇ, ನಿಮ್ಮಮ್ಮನ್ನ...”

ತೆರೆದ ಬಾಯಿ ತೆರೆದೇ ಇತ್ತು. ಮನಸ್ಸು ಕೊಟ್ಟ ದೇವರೂ ನಕ್ಕಿರಬೇಕು. ಸಹಿ ಬಿತ್ತು.

ಹೋಗುತ್ತ ಅಪ್ಪ ಗೊಣಗಿದರು: “ಒಂದು ಸಲ ಸರಿ ಬಂದರೆ ಆಯ್ತೇನು? ಇನ್ನೂ ಒಂಬತ್ತು ಸಲ ನೋಡಬೇಕು.”

“ಅದಕ್ಕೇ ಅಪ್ಪ, ಮೂರು ವರ್ಷದ ಕೋರ್ಸು.”