ಹೊರಗಿನ ಚಿಲಕ

ಶ್ರೀಮತಿ ಶಾಂಭವಿ ಕೋಂ ಸಿದ್ದಾರೂಢ ಗಂಜಿ, ವಯಸ್ಸು 23 ವರ್ಷ, ಉದ್ಯೋಗ ಕೈಮಗ್ಗದ ನೇಯ್ಗೆ, ಓದು 5ನೇ ಇಯತ್ತೆ, ಸಾ: ಬೆಟಗೇರಿ, ತಾ: ಜಿ: ಗದಗ. ದಿನಾಂಕ 04-05-2024ರಂದು ಬೆಳಿಗ್ಗೆ 11-15 ಗಂಟೆಗೆ ಠಾಣೆಗೆ ಹಾಜರಾಗಿ, ನನ್ನ ಅತ್ತೆಯವರು ಒಳಗಿರುವಾಗ ಹೊರಗಿನಿಂದ ಚಿಲಕ ಹಾಕಿದ್ದರ ಬಗ್ಗೆ ಕೇಳಲಾಗಿ, ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಮನೆಯಲ್ಲಿ ನಾನು, ನನ್ನ ಗಂಡ ಮತ್ತು ನನ್ನ ಅತ್ತೆ ನೀಲಗಂಗವ್ವ, ವಯಸ್ಸು 61 ವರ್ಷ, ಹೀಗೆ ಮೂರು ಜನ ಇರುತ್ತೇವೆ. ಗಂಡ ಶಿರಹಟ್ಟಿಯಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಮನೆಯ ಮುಂದಿನ ಖೋಲಿಯಲ್ಲಿ ಒಂದು ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುತ್ತೇವೆ. ಖೋಲಿ 12 ಅಡಿ ಉದ್ದ, 10 ಅಡಿ ಅಗಲ. ಮೊದಲು ಮಣ್ಣಿನ ಮಾಳಿಗೆ ಇತ್ತು. ಎರಡು ವರ್ಷದ ಹಿಂದೆ ಒಂದೇ ರಾತ್ರಿಯ ಮಳೆಗೆ ಅದು ಕುಸಿದ ಮೇಲೆ ತಗಡು ಹಾಕಿಸಿದ್ದೇವೆ. ಅಂದೇ ಬಾಗಿಲ ಚೌಕಟ್ಟು ಸಡಿಲಾಗಿ ಒಳಗಿನ ಚಿಲಕ ಕಿತ್ತುಹೋಗಿದೆ. ಹೊರಗಿನ ಚಿಲಕ ಒಂದೇ ಇದೆ.

ಬೇಸಿಗೆಯ ಒಣಗಾಳಿ ತಾಗಿದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು ಹರಿಯುತ್ತವೆ. ಅದಕ್ಕೆ ನಮ್ಮ ಓಣಿಯಲ್ಲಿ ಎಲ್ಲರೂ ಕುಣಿಗೆ ನೀರು ಚಿಮುಕಿಸಿ, ಕಿಟಕಿಗೆ ಹಸಿ ಗೋಣಿಚೀಲ ಕಟ್ಟಿ, ಬಾಗಿಲು ಹಾಕಿಕೊಂಡು ನೇಯುತ್ತಾರೆ. ಒಳಗಿನ ಚಿಲಕ ಹೋದ ಮೇಲೆ ನಮ್ಮಲ್ಲಿ ಯಾರು ಹೊರಗೆ ಹೋದರೂ ಹೊರಗಿನ ಚಿಲಕ ಹಾಕಿಕೊಂಡು ಹೋಗಬೇಕು, ಇಲ್ಲದಿದ್ದರೆ ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತದೆ. ಗಾಳಿ ಒಳಗೆ ಬಿಡಬಾರದು ಎಂಬುದನ್ನು ಮದುವೆಯಾಗಿ ಬಂದ ವಾರದಲ್ಲೇ ಅತ್ತೆಯವರು ನನಗೆ ಕಲಿಸಿದ್ದಾರೆ.

ನಿನ್ನೆ ದಿನಾಂಕ 03-05-2024ರಂದು ಮಧ್ಯಾಹ್ನ 1-05ಕ್ಕೆ ನಳಕ್ಕೆ ನೀರು ಬಂದಿದೆ ಎಂದು ಓಣಿಯಲ್ಲಿ ಕೂಗಿದರು. ಹನ್ನೊಂದು ದಿನಕ್ಕೆ ಬಂದ ನೀರು. ಮೊಬೈಲಿನಲ್ಲಿ ಬಿಸಿಲು 42 ಎಂದು ತೋರಿಸುತ್ತಿತ್ತು. ನಾನು ನಾಲ್ಕು ಕೊಡ ತೆಗೆದುಕೊಂಡು ಹೊರಟೆ. ಅತ್ತೆಯವರು ಮಗ್ಗದ ಮೇಲೆ ಇದ್ದರು. ಅವರ ಕುಪ್ಪಸ ನೀರಲ್ಲಿ ಅದ್ದಿದಂತೆ ಆಗಿತ್ತು.

ನಳವು ಮನೆಯಿಂದ ಅಂದಾಜು 60 ಮೀಟರ್ ದೂರದಲ್ಲಿದೆ. ನನ್ನ ಮುಂದೆ ಒಂಬತ್ತು ಜನ ಇದ್ದರು. ಪಕ್ಕದ ಮನೆಯ ಅನ್ನವ್ವ ನನ್ನನ್ನು ನೋಡಿ, "ಅತ್ತಿನ್ನ ಕುಣಿಯಾಗ ಕುಂದ್ರಿಸಿ ಸೊಸಿ ಗಾಳಿ ತಗೊಳ್ಳಾಕ ಬಂದಾಳ ನೋಡ್ರಿ" ಅಂತಾ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ಚಾಷ್ಟಿ ಮಾತು, ಅವರ ಮೇಲೆ ನನ್ನದು ಏನೂ ದೂರು ಇಲ್ಲ.

1-42ಕ್ಕೆ ನಾನು ಗಂಡನಿಗೆ ಫೋನ್ ಮಾಡಿದ್ದೆ. ಆ ಸಮಯ ಫೋನಿನಲ್ಲಿ ಇದೆ. ಮಾತನಾಡುತ್ತಿರುವಾಗಲೇ ನಮ್ಮ ಮಗ್ಗದ ಸದ್ದು ನಿಂತಿತು. ಓಣಿಯಲ್ಲಿ ಎಷ್ಟು ಮಗ್ಗ ಬಡಿದರೂ ನಮ್ಮದರ ಸದ್ದು ನನಗೆ ತಿಳಿಯುತ್ತದೆ. ಎಳೆ ಹರಿದಿರಬೇಕು, ಗಂಟು ಹಾಕುತ್ತಿದ್ದಾರೆ ಎಂದುಕೊಂಡೆ. ಗಂಟು ಹಾಕಲು ಅವರಿಗೆ ಒಂದು ಕೊಡ ತುಂಬುವಷ್ಟು ಹೊತ್ತು ಸಾಕು. ನನ್ನ ಕಣ್ಣ ಮುಂದೆ ಮೂರು ಕೊಡ ತುಂಬಿದವು. ಸದ್ದು ಬರಲಿಲ್ಲ. ನಾನು ಪಾಳಿ ಬಿಟ್ಟು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. "ನಿಂದರಬೇಕಂದ್ರ ನಿಂದರು, ಹೋಗಬೇಕಂದ್ರ ಹೋಗು. ಪಾಳಿ ಬಿಟ್ಟಿ ಅಂದ್ರ ಇನ್ನ ಹನ್ನೊಂದ ದಿನಕ್ಕ ನೋಡವಾ" ಅಂತಾ ಅನ್ನವ್ವ ಅಂದರು. ನನ್ನ ಮುಂದೆ ಇಬ್ಬರೇ ಉಳಿದಿದ್ದರು. ನಾನು ನಿಂತೆ.

1-58ರ ಸುಮಾರಿಗೆ ಎದುರು ಮನೆಯ ಆಟೋ ಚಾಲಕ ರಹಮಾನಸಾಬ ಅವರು ನನ್ನ ಹೆಸರು ಹಿಡಿದು ಕೂಗಿದರು. ಅವರು ಊಟಕ್ಕೆ ಬಂದಾಗ ನಮ್ಮ ಬಾಗಿಲು ಒಳಗಿನಿಂದ ಬಡಿದಂತೆ ಕೇಳಿ ಚಿಲಕ ತೆಗೆದಿದ್ದಾರೆ. ನಾನು ಹೋಗಿ ನೋಡಲಾಗಿ ಅತ್ತೆಯವರು ಹೊಸ್ತಿಲಿಗೆ ತಲೆ ಕೊಟ್ಟು ಬಿದ್ದಿದ್ದರು. ಬಲಗೈಯಲ್ಲಿ ಮಗ್ಗದ ಮರದ ಲಾಳಿ ಹಿಡಿದಿದ್ದರು. ಅದರಿಂದಲೇ ಬಾಗಿಲು ಬಡಿದಿದ್ದಾರೆ. ಮೈ ಸುಡುತ್ತಿತ್ತು, ಬೆವರು ಇರಲಿಲ್ಲ. ಕರೆದರೆ ಮಾತಾಡಲಿಲ್ಲ. ಅಷ್ಟರಲ್ಲಿ ಅನ್ನವ್ವ ಅದೇ ತಾನೆ ತುಂಬಿದ ಎರಡು ಕೊಡ ತಂದು ಎರಡನ್ನೂ ಅತ್ತೆಯವರ ಮೈಮೇಲೆ ಸುರಿದರು. ಹಿಂದೆ ಬಂದ ಹೆಂಗಸರೂ ತಮ್ಮ ಕೊಡಗಳನ್ನು ಸುರಿದರು. 2-10ಕ್ಕೆ ರಹಮಾನಸಾಬ ಅವರ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಬಿಸಿಲಿನ ಝಳ ಬಡಿದಿದೆ, ನೀರು ಹಾಕಿದ್ದಕ್ಕೆ ಜೀವ ಉಳಿದಿದೆ ಎಂದು ಡಾಕ್ಟರು ತಿಳಿಸಿದರು.

ಇಂದು ಬೆಳಿಗ್ಗೆ 6-20ಕ್ಕೆ ಅತ್ತೆಯವರಿಗೆ ಎಚ್ಚರವಾಯಿತು. ಸೊಸೆ ಅತ್ತೆಯನ್ನು ಕೂಡಿಹಾಕಿದ್ದಾಳೆ ಎಂದು ಯಾರೋ ಠಾಣೆಗೆ ಫೋನ್ ಮಾಡಿದ್ದರಿಂದ ತಾವು 8 ಗಂಟೆಗೆ ಆಸ್ಪತ್ರೆಗೆ ಬಂದಿರಿ. ಚಿಲಕ ಹಾಕು ಎಂದು ತಾನೇ ಸೊಸೆಗೆ ಹೇಳಿದ್ದಾಗಿ ಅತ್ತೆಯವರು ತಮ್ಮ ಮುಂದೆ ಹೇಳಿದರು. ನಾನು ಅಲ್ಲಿಯೇ ನಿಂತಿದ್ದೆ. ತಾವು ಹೋದ ಮೇಲೆ ನನ್ನ ಗಂಡ, "ಅವ್ವ ಹೇಳ್ಯಾಳಲ್ಲ, ನೀನೂ ಅಷ್ಟ ಹೇಳು, ಮುಗೀತು. ಇಲ್ಲಂದ್ರ ನಿನ್ನ ಮ್ಯಾಲೆ ಕೇಸ್ ಆಕ್ಕೇತಿ" ಅಂತಾ ಅಂದರು.

ಅತ್ತೆಯವರು ಹೇಳಿದಂತೆ ನಡೆದಿಲ್ಲ. ನಿನ್ನೆ ನಾನು ಕೊಡ ಎತ್ತಿದಾಗ ಅವರು ಮಗ್ಗ ನಿಲ್ಲಿಸಿ, "ಇವತ್ತ ಬಾಗಲಾ ತಗದ ಇಡವಾ, ದಮ್ಮ ಹತ್ತೇತಿ" ಅಂತಾ ಅಂದರು. "ಗಾಳಿ ಹೊಕ್ರ ಎಳಿ ಹರೀತಾವು ಅಂತ ನೀವ ಹೇಳೀರಲ್ರಿ ಅತ್ತಿ" ಎಂದೆ. "ನನಗಿಂತ ಚಲೋ ಕಲ್ತಿ ನೀ" ಎಂದು ನಕ್ಕು ಲಾಳಿ ಹಿಡಿದರು. ನಾನು ಚಿಲಕ ಹಾಕಿದೆ. ನಾಲ್ಕು ವರ್ಷದಲ್ಲಿ ಅವರು ಬಾಗಿಲು ತೆಗೆ ಎಂದಿದ್ದು ಅದೊಂದೇ ಸಲ. ನಮ್ಮ ಓಣಿಯಲ್ಲಿ ಇನ್ನೂ 14 ಮಗ್ಗಗಳಿವೆ. ಬಾಗಿಲು ಹಾಕಲು ಅವರೇ ಹೇಳಿದರು ಎಂದು ಬರೆದರೆ ನಾಳೆಯೂ ಎಲ್ಲರೂ ಹಾಕಿಕೊಂಡೇ ಕೂಡುತ್ತಾರೆ. ಅವರು ತೆಗೆ ಎಂದಿದ್ದರು. ಅದು ಬರೆದಿರಬೇಕು.

ಬರೆದದ್ದನ್ನು ನನ್ನ ಕೈಗೆ ಕೊಟ್ಟಾಗ ನಾನೇ ನಿಧಾನವಾಗಿ ಓದಿದೆನು. ಎರಡನೇ ಪುಟದಲ್ಲಿ "ಅತ್ತೆಯವರು ಹೇಳಿದ ಪ್ರಕಾರ ಚಿಲಕ ಹಾಕಿದೆನು" ಎಂದು ಇದ್ದ ಸಾಲನ್ನು ನಾನು ಹೇಳಿ ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದ್ದು ಖರೆ ಇರುತ್ತದೆ. ಹೊಡೆದ ಸಾಲಿನ ಪಕ್ಕದಲ್ಲಿಯೂ ಸಹಿ ಮಾಡಿದ್ದೇನೆ.

ಸ್ಥಳ: ಬೆಟಗೇರಿ
ದಿನಾಂಕ: 04-05-2024, ಮಧ್ಯಾಹ್ನ 12-50

ಸಹಿ/-
ಶಾಂಭವಿ ಸಿದ್ದಾರೂಢ ಗಂಜಿ