ಲಿಫ್ಟಿನೊಳಗಿನ ಉಳಿಗಳು

ಕರೆಂಟು ಹೋಗಿ ಲಿಫ್ಟು ನಡುವೆಯೇ ನಿಂತಾಗ, ಡ್ಯೂಟಿಗೆ ಹೊರಟಿದ್ದ ನರ್ಸಿನ ಜೊತೆ ಸಿಕ್ಕಿಕೊಂಡವರು ಒಬ್ಬ ಬಡಗಿ, ಒಬ್ಬ ಗುಮಾಸ್ತ.

"ಮೇಸ್ತ್ರಿ, ನಿಮ್ಮ ಉಳಿಯಿಂದ ಬಾಗಿಲು ಮೀಟಿ," ಎಂದ ಗುಮಾಸ್ತ.

"ಉಳಿ ಬಾಯಿ ಮುಕ್ಕಾದ್ರೆ ಇವತ್ತಿನ ಕೆಲಸ ಕೆಟ್ಟ ಹಾಗೆ. ನಿಮ್ಮ ಕೈಯಲ್ಲೂ ಒಂದಿದೆಯಲ್ಲ ಸಾರ್?"

"ಅಯ್ಯೋ, ಇದು ಈಗಷ್ಟೇ ತಂದಿದ್ದು! ಮನೇಲಿರೋವನ್ನೇ ಇನ್ನೂ ಮರಕ್ಕೆ ತಾಗಿಸಿಲ್ಲ."

ನರ್ಸಿಗೆ ರೇಗಿತು. "ಮತ್ಯಾಕ್ರೀ ತಗೊಳ್ತೀರಾ?"

"ಸಂಜೆ ಕೂತು ಮಸೀತೀನಮ್ಮ. ಉಳಿ ಕೈಯಲ್ಲಿರೋವಷ್ಟು ಹೊತ್ತು ಮನೇಲಿ ಯಾರೂ ನನ್ನ ಕರೆಯೋಲ್ಲ."

ಬಡಗಿ ನಿಟ್ಟುಸಿರು ಬಿಟ್ಟ. "ನನ್ನ ಕೈಯಲ್ಲಿ ಉಳಿ ಕಂಡ್ರೆ ಊರೆಲ್ಲ ಕರೆಯುತ್ತೆ."

ಕರೆಂಟು ಬಂತು, ಲಿಫ್ಟು ಮಹಡಿಗೆ ಬಂದು ಬಾಗಿಲು ತೆರೆಯಿತು.

"ಮೇಸ್ತ್ರೀ!" ಎಂದು ಎಡಗಡೆ ಮನೆಯಿಂದ ಕೂಗು, "ರೀ, ಎಲ್ಲಿದ್ದೀರಿ?" ಎಂದು ಬಲಗಡೆಯಿಂದ.

ಬದುಕಿದೆಯಾ ಬಡಜೀವವೇ ಎಂದು ನರ್ಸು ಹೊರಗೆ ಹಾರಿ, ತಿರುಗಿ ನೋಡಿದಳು.

"ನೀವು ಮೊದಲು ಇಳೀರಿ, ಮೇಸ್ತ್ರಿ."

"ಛೇ ಛೇ, ನೀವಿಳೀರಿ ಸಾರ್."

ಬಾಗಿಲು ಮತ್ತೆ ಮುಚ್ಚಿಕೊಂಡಿತು. ಇಬ್ಬರೂ ಕೈ ಅಡ್ಡ ಹಿಡಿಯಲಿಲ್ಲ.